ಎರಡನೇ ಬ್ಯಾಟರಿಗೆ ಶುದ್ಧ ನೀರು

ಬೆಳಿಗ್ಗೆ ಎದ್ದು ಹೆಂಡತಿಯನ್ನು ಮಾತಾಡಿಸುವ ಮೊದಲು ಬ್ಯಾಟರಿಯನ್ನು ಮಾತಾಡಿಸುವ ಗಂಡಸು ತುಮಕೂರಿನಲ್ಲಿ ಯಾರಾದರೂ ಇದ್ದರೆ ಅವನು ಶೆಟ್ಟಿಹಳ್ಳಿಯ ಅಡವಿಯಪ್ಪ. ಅವನ ಹಳೆಯ ವ್ಯಾನಿನಲ್ಲಿ ಬ್ಯಾಟರಿಗಳು ಎರಡು. ಒಂದು ಎಲ್ಲರ ಗಾಡಿಯಲ್ಲೂ ಇರುವಂಥದು, ಇಂಜಿನ್ ಸ್ಟಾರ್ಟ್ ಮಾಡುವುದಕ್ಕೆ. ಅದರ ಮೇಲೆ ಅವನಿಗೆ ಅಂಥ ಪ್ರೀತಿಯೇನಿರಲಿಲ್ಲ. ಪ್ರೀತಿಯೆಲ್ಲ ಹಿಂದಿನ ಸೀಟು ಕಿತ್ತು ಮರದ ಪೆಟ್ಟಿಗೆಯೊಳಗೆ ಕೂರಿಸಿದ್ದ ಎರಡನೆಯದರ ಮೇಲೆ. ಏಕೆಂದರೆ ಅನ್ನ ಹಾಕುತ್ತಿದ್ದದ್ದು ಅದು.

ಅಡವಿಯಪ್ಪನ ಕಸುಬು ಬೋರ್‌ವೆಲ್‌ಗೆ ಕ್ಯಾಮೆರಾ ಇಳಿಸುವುದು. ನೀರು ಬರುವುದು ನಿಂತ ಬೋರಿನ ಒಳಗೆ ಏನಾಗಿದೆ, ಕಲ್ಲು ಕುಸಿದಿದೆಯೋ, ಪೈಪು ಸಿಕ್ಕಿಕೊಂಡಿದೆಯೋ, ತಳ ಎಷ್ಟು ಆಳದಲ್ಲಿದೆ ಎಂದು ನೋಡಿ ಹೇಳುವುದು. ವ್ಯಾನಿನ ಹಿಂಭಾಗದಲ್ಲಿ ಸಾವಿರ ಅಡಿ ಕೇಬಲ್ ಸುತ್ತಿದ ಡ್ರಮ್ಮು, ಅದನ್ನು ತಿರುಗಿಸುವ ಮೋಟರು, ಒಂದು ಪುಟ್ಟ ಟೀವಿ, ಕೇಬಲ್ ಎಷ್ಟಡಿ ಇಳಿಯಿತು ಎಂದು ಎಣಿಸುವ ಒಂದು ಮೀಟರು. ಇಷ್ಟೂ ಓಡುತ್ತಿದ್ದದ್ದು ಎರಡನೇ ಬ್ಯಾಟರಿಯಿಂದ. "ಮೊದಲ್ನೇದು ಸತ್ರೆ ಗಾಡಿ ತಳ್ಕೊಂಡು ಹೋಗ್ಬೋದು. ಎರಡನೇದು ಸತ್ರೆ ಕ್ಯಾಮೆರಾ ಪಾತಾಳದಲ್ಲಿ, ನಾನು ಬೀದೀಲಿ" ಎನ್ನುತ್ತಿದ್ದ.

ಗಾಡಿ ಓಡುವಾಗ ಇಂಜಿನ್ನಿನಿಂದ ಎರಡೂ ಚಾರ್ಜ್ ಆಗುವಂತೆ ವೈರು ಎಳೆಸಿದ್ದ. ಆದರೆ ಶೆಟ್ಟಿಹಳ್ಳಿಯಿಂದ ಗುಬ್ಬಿಗೆ ಎಷ್ಟು ದೂರ? ಅಷ್ಟರಲ್ಲಿ ಅದರ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ಮನೆಗೆ ಬಂದ ತಕ್ಷಣ ಕಿಟಕಿಯಿಂದ ವೈರು ಹೊರಗೆ ಬರುತ್ತಿತ್ತು, ಚಾರ್ಜರಿನ ಹಸಿರು ದೀಪ ಹತ್ತಿದ ಮೇಲೆಯೇ ಅಡವಿಯಪ್ಪ ಕೈಕಾಲು ತೊಳೆಯುತ್ತಿದ್ದ. ಕರೆಂಟು ಹೋದರೆ ಮನೆ ಮುಂದೆ ಇಂಜಿನ್ ಓಡಿಸಿಕೊಂಡು ಕೂರುತ್ತಿದ್ದ. ಅಕ್ಕಪಕ್ಕದವರು ಹೊಗೆಗೆ ಕೆಮ್ಮುತ್ತಿದ್ದರು. "ನಮ್ಮನೇಲಿ ಮೊದಲ ಪಂಕ್ತಿ ಬ್ಯಾಟ್ರಿದು, ಉಳಿದ್ರೆ ನಮ್ದು" ಎಂದು ಹೆಂಡತಿ ಗಂಗಾಂಬಿಕೆ ಆಡಿಕೊಳ್ಳುತ್ತಿದ್ದಳು.

ಇನ್ನು ನೀರಿನ ವಿಷಯ. ಎರಡು ವರ್ಷದ ಹಿಂದೆ ತುಮಕೂರಿನ ಬಟವಾಡಿಯಲ್ಲಿ ಬ್ಯಾಟರಿ ಕೊಂಡಾಗ ಅಂಗಡಿಯ ಕನಕರಾಜು ಕಟ್ಟುನಿಟ್ಟಾಗಿ ಹೇಳಿದ್ದ: "ನೀರು ಕಮ್ಮಿ ಆದಾಗ ತುಂಬ್ಸಿ. ಆದ್ರೆ ಶುದ್ಧ ನೀರು ಬಿಟ್ಟು ಬೇರೇದು ಮಾತ್ರ ಮುಟ್ಟಿಸ್ಬೇಡಿ." ಆ ಮಾತನ್ನು ಅಡವಿಯಪ್ಪ ಶರಣರ ಮಾತಿನಂತೆ ಪಾಲಿಸಿದ. ಸೋಮವಾರ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿದ ತಾಮ್ರದ ಚೊಂಬಿನಲ್ಲಿ ನೀರು ಹಿಡಿದು, ಬ್ಯಾಟರಿಯ ಆರೂ ಬಾಯಿಗೆ ಒಂದೊಂದಾಗಿ ಎರೆಯುತ್ತಿದ್ದ. ದೇವರ ತಲೆಗೂ ಅವನು ಅಷ್ಟು ಜೋಪಾನವಾಗಿ ಎರೆದವನಲ್ಲ.

ಹೀಗಿದ್ದ ಮನುಷ್ಯನ ಮಾತಿಗೆ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಬೆಲೆ ಬಂದಿತ್ತು. ಅಡವಿಯಪ್ಪ ಇಷ್ಟಡಿ ಎಂದರೆ ಇಷ್ಟಡಿ. ಬೆಲೆ ಬಂದ ಮೇಲೆ ನಾಲಿಗೆಯೂ ಒಂದಿಷ್ಟು ಉದ್ದವಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹೋದ ಮಾಘದಲ್ಲಿ ಗುಬ್ಬಿ ಹತ್ತಿರದ ಒಂದು ಹಳ್ಳಿಯಿಂದ ಉದಯಕುಮಾರ್ ಎಂಬ ರೈತ ಕರೆದ. ಅವನ ಹೊಲದ ಬೋರಿನಲ್ಲಿ ನೀರು ಕೆಳಕ್ಕೆ ಹೋಗಿತ್ತು. ಮೋಟರು ಎತ್ತಿಸಿ ಪಕ್ಕಕ್ಕಿಟ್ಟಿದ್ದ. ಇನ್ನೂ ಎಷ್ಟು ಆಳಕ್ಕೆ ಇಳಿಸಬಹುದು ಎಂದು ತಿಳಿಯಬೇಕಿತ್ತು. ಅಡವಿಯಪ್ಪ ಬೆಳಿಗ್ಗೆಯೇ ಕೋರ ಎಂಬ ಊರಿನಲ್ಲಿ ಎರಡು ಬೋರು ನೋಡಿ ಮುಗಿಸಿ ಅಲ್ಲಿಗೆ ಹೋದ. ಕ್ಯಾಮೆರಾ ಇಳಿಯಿತು. ಹತ್ತಿಪ್ಪತ್ತು ಜನ ಟೀವಿಯ ಸುತ್ತ ಕುತ್ತಿಗೆ ಚಾಚಿದರು. ನಡುವೆ ಒಂದೆರಡು ಸಲ ಚಿತ್ರ ಮಂಕಾಗಿ ಮತ್ತೆ ಬಂತು. ಕೊನೆಗೆ ತಳದ ಬಂಡೆ ಕಾಣಿಸಿತು. ಅಡವಿಯಪ್ಪ ಮೀಟರು ನೋಡಿದ.

"ತಳ ಬಂತು. ಐನೂರ ನಲ್ವತ್ತು."

"ಅದೆಂಗಣ್ಣ? ಒಂಬೈನೂರು ಕೊರ್ದಿದೀನಿ ಅಂತ ಅಡಿ ಲೆಕ್ಕದಲ್ಲಿ ದುಡ್ಡು ಇಸ್ಕೊಂಡವ್ರೆ ಮಹಾಲಿಂಗಯ್ಯ" ಎಂದ ಉದಯಕುಮಾರ್. "ಮಣ್ಣು ಕುಸಿದು ತುಂಬ್ಕೊಂಡಿರ್ಬೋದಾ?"

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಡವಿಯಪ್ಪ ಬೆರಳಿನಿಂದ ಟೀವಿ ತಟ್ಟಿ, "ಇದು ಕಲ್ಲು ಕಣಪ್ಪ, ಮಣ್ಣಲ್ಲ. ಕೊರೆದಿರೋದೇ ಇಷ್ಟು" ಎಂದುಬಿಟ್ಟ.

ಮಹಾಲಿಂಗಯ್ಯ ಕುಣಿಗಲ್ಲಿನವರು. ಅರವತ್ತು ದಾಟಿದ ವಯಸ್ಸು, ಮೂವತ್ತು ವರ್ಷದಿಂದ ಈ ಸೀಮೆಯಲ್ಲಿ ಬೋರು ಕೊರೆಸಿದವರು. ಫೋನು ಹೋದ ಕೂಡಲೇ ಸ್ಕೂಟರಿನಲ್ಲಿ ಬಂದರು. ಜನ ಒಬ್ಬರ ಮೇಲೊಬ್ಬರು ಮಾತಾಡಿದರು. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಇಳ್ಸಿ ನೋಡ್ರಪ್ಪ" ಎಂದರು. ಯಾರೋ ನಕ್ಕರು. ಕ್ಯಾಮೆರಾ ಇರುವಾಗ ಹಗ್ಗ ಯಾಕೆ ಎಂದರು.

ಆಗ ಮಹಾಲಿಂಗಯ್ಯ ಚಪ್ಪಲಿ ಬಿಟ್ಟರು. ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡರು. "ಒಂಬೈನೂರಕ್ಕೆ ಒಂದಡಿ ಕಮ್ಮಿ ಕೊರೆದಿದ್ರೆ ಈ ಲಿಂಗ ನನ್ನ ಕೈಲಿ ನಿಲ್ದೇ ಹೋಗ್ಲಿ" ಎಂದರು. ಲಿಂಗ ಕಟ್ಟಿದವರು ಹಾಗೆ ಸುಮ್ಮಸುಮ್ಮನೆ ಆಣೆ ಇಡುವುದಿಲ್ಲ. ಅಲ್ಲಿದ್ದ ಮುಕ್ಕಾಲು ಪಾಲು ಜನರ ಕೊರಳಿನಲ್ಲೂ ಲಿಂಗವಿತ್ತು, ಅಡವಿಯಪ್ಪನ ಕೊರಳಿನಲ್ಲೂ ಇತ್ತು. ಆಮೇಲೆ ಎಲ್ಲರ ಕಣ್ಣೂ ಮೀಟರಿನ ಕಡೆಗೆ ಹೋದವು. ಅಲ್ಲಿ ಐನೂರ ನಲವತ್ತು ಇನ್ನೂ ಕೆಂಪಗೆ ಉರಿಯುತ್ತಿತ್ತು.

ಅವತ್ತಿನಿಂದ ಮಹಾಲಿಂಗಯ್ಯನವರ ಹೆಸರೇ 'ಐನೂರ್‌ನಲ್ವತ್ತು' ಆಯಿತು. ಗುಬ್ಬಿಯ ಟೀ ಅಂಗಡಿಯಲ್ಲಿ "ಐನೂರ್‌ನಲ್ವತ್ತು ಬಂತು ನೋಡ್ಲಾ" ಎನ್ನುತ್ತಿದ್ದರು. ಮಹಾಲಿಂಗಯ್ಯನವರು ಗ್ಲಾಸನ್ನು ಅರ್ಧಕ್ಕೇ ಇಟ್ಟು ಎದ್ದು ಹೋಗುತ್ತಿದ್ದರು. ಬೋರು ಕೊರೆಸಲು ಅವರನ್ನು ಕರೆಯುವವರೇ ಇಲ್ಲವಾದರು. ಒಂದು ದಿನ ಅಡವಿಯಪ್ಪನೂ ಅದೇ ಅಂಗಡಿಯಲ್ಲಿ ಕೂತಿದ್ದಾಗ ಯಾರೋ ಈ ಹೆಸರು ಕೂಗಿದರು. ಅಡವಿಯಪ್ಪನೂ ನಕ್ಕ.

ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ಡ್ರಮ್ಮಿನ ಮೋಟರು ಮುಲುಗಿತೇ ಹೊರತು ಏಳಲಿಲ್ಲ. ಚಾರ್ಜರಿನ ದೀಪ ಮಾತ್ರ ಹಸಿರಾಗಿಯೇ ಇತ್ತು. ಅಡವಿಯಪ್ಪ ವ್ಯಾನು ತಿರುಗಿಸಿಕೊಂಡು ಬಟವಾಡಿಗೆ ಹೋದ.

ಕನಕರಾಜು ಮುಚ್ಚಳ ಬಿಚ್ಚಿ ಒಳಗೆ ಟಾರ್ಚು ಬಿಟ್ಟ. ತುಂಬ ಹೊತ್ತು ತಲೆಯೆತ್ತಲಿಲ್ಲ.

"ಯಾವ ನೀರಣ್ಣ ಹಾಕ್ತಿದ್ದಿದ್ದು?"

"ನೀನು ಹೇಳಿದ್ದೇ. ಶುದ್ಧ ನೀರು."

"ಯಾವ ಕಂಪ್ನಿದು?"

"ಕಂಪ್ನಿ ಯಾವ್ದು? ನಮ್ಮ ಏರಿಯಾದಲ್ಲಿ ಘಟಕ ಇಲ್ವಾ, ಶುದ್ಧ ಕುಡಿಯುವ ನೀರಿನ ಘಟಕ. ಕಾಯಿನ್ ಹಾಕಿ ಕ್ಯಾನಿಗೆ ಹಿಡಿದು ತರ್ತೀನಿ. ತಾಮ್ರದ ಚೊಂಬಲ್ಲಿ ಹಾಕ್ತೀನಿ."

ಕನಕರಾಜು ಕೈಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ಅಯ್ಯೋ ಅಣ್ಣ, ಅದು ಕುಡಿಯೋ ನೀರು. ಬ್ಯಾಟ್ರಿಗೆ ಡಿಸ್ಟಿಲ್ ವಾಟರ್ ಅಂತ ಬೇರೆ ಬರ್ತದೆ, ಅಂಗಡೀಲಿ ಬಾಟಲೀಲಿ ಸಿಗ್ತದೆ. ಕುಡಿಯೋ ನೀರಲ್ಲಿ ಉಪ್ಪಿನಂಶ ಇರ್ತದೆ, ಅದು ಒಳಗಿನ ಪ್ಲೇಟನ್ನ ತಿಂದಾಕ್ತದೆ. ಡಿಸ್ಟಿಲ್ ಅಂದ್ರೆ ಜನಕ್ಕೆ ಅರ್ಥ ಆಗಲ್ಲ ಅಂತ ನಾನು ಕನ್ನಡದಲ್ಲಿ ಹೇಳ್ದೆ."

ಅಡವಿಯಪ್ಪನಿಗೆ ಆಗ ಬ್ಯಾಟರಿ ಹೋಯಿತಲ್ಲ ಎನ್ನುವ ಸಂಕಟ ಅಷ್ಟೇ. ನಿಜವಾದ ಏಟು ಇನ್ನೂ ಬಿದ್ದಿರಲಿಲ್ಲ.

"ಚಾರ್ಜು ತುಂಬಿದಂಗೆ ತೋರಿಸ್ತದೆ, ಭಾರ ಬಿದ್ದ ತಕ್ಷಣ ಕುಸಿದು ಹೋಗ್ತದೆ" ಎಂದ ಕನಕರಾಜು. "ಎಷ್ಟು ದಿನದಿಂದ ಹಿಂಗೋ ಏನೋ. ಬೇರೆ ಬ್ಯಾಟ್ರಿಯಿಂದ ಸ್ವಲ್ಪ ಜಂಪ್ ಕೊಡ್ತೀನಿ, ಮೋಟ್ರು ಓಡ್ಸಿ. ಮಿಕ್ಕಿದ್ದೆಲ್ಲ ನೆಟ್ಟಗಿದ್ಯಾ ನೋಡೋಣ."

ಅಂಗಡಿಯ ಮುಂದೆ, ಆಟೋಗಳ ಗಲಾಟೆಯ ನಡುವೆ, ಡ್ರಮ್ಮು ತಿರುಗಿತು. ಕೇಬಲ್ ಫುಟ್‌ಪಾತಿನ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿತು. ಮೀಟರು ಹನ್ನೆರಡು ಎಂದು ತೋರಿಸಿ ನಿಂತಿತು. ಕೇಬಲ್ ಇನ್ನೂ ಬೀಳುತ್ತಲೇ ಇತ್ತು. ಮೀಟರು ಹನ್ನೆರಡರಲ್ಲೇ ಇತ್ತು. ಆಮೇಲೆ ಏನೋ ನೆನಪಾದಂತೆ ಹದಿಮೂರು, ಹದಿನಾಲ್ಕು ಎಂದು ಓಡಿ ಮತ್ತೆ ನಿಂತಿತು.

"ಮೋಟ್ರು ಎಳೆದಾಗ ಮೀಟ್ರಿಗೆ ಕರೆಂಟು ಸಾಲ್ತಿಲ್ಲ. ಎಣಿಸೋದನ್ನ ಮರೀತಾ ಇದೆ" ಎಂದ ಕನಕರಾಜು.

ಅಡವಿಯಪ್ಪ ಫುಟ್‌ಪಾತಿನ ಮೇಲೆ ಹಾಗೆಯೇ ಕುಕ್ಕರಿಸಿದ. ಅವನ ಕಣ್ಣ ಮುಂದೆ ಉದಯಕುಮಾರನ ಹೊಲದ ಡ್ರಮ್ಮು ಬಂತು. ಅವತ್ತು ಕ್ಯಾಮೆರಾ ತಳ ಮುಟ್ಟಿದಾಗ ಡ್ರಮ್ಮಿನ ಮೇಲೆ ಉಳಿದಿದ್ದದ್ದು ನಾಲ್ಕೈದು ಸುತ್ತು ಮಾತ್ರ. ಒಳಗಿನ ಕಬ್ಬಿಣ ಬೆಳ್ಳಗೆ ಕಂಡಿತ್ತು. ಐನೂರ ನಲವತ್ತಡಿ ಇಳಿದಿದ್ದರೆ ಅರ್ಧಕ್ಕರ್ಧ ಕೇಬಲ್ ಮೇಲೇ ಇರಬೇಕಿತ್ತು. ವಾಪಸ್ ಸುತ್ತುವಾಗ ಎಷ್ಟು ಹೊತ್ತಾಯಿತು ಎಂದು ತಾನೇ ಗೊಣಗಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವನಿಗೆ ಪ್ರತ್ಯಕ್ಷವೇ ಕಂಡಿರಲಿಲ್ಲ. ಕನಕರಾಜು ನೀರು ತಂದುಕೊಟ್ಟ.

"ಯಾಕಣ್ಣ, ಬ್ಯಾಟ್ರಿ ಹೋಯ್ತು ಅಂತ ಇಷ್ಟೊಂದಾ?"

"ಬ್ಯಾಟ್ರಿ ಅಲ್ಲ ಕಣೋ. ಒಬ್ಬ ದೊಡ್ಡ ಮನುಷ್ಯನ್ನ ಕಳ್ಳ ಮಾಡ್ಬುಟ್ಟೆ."

ಮನೆಗೆ ಬಂದು ಗಂಗಾಂಬಿಕೆಗೆ ಹೇಳಿದ. ಅವಳು ಸೌಟು ಹಿಡಿದವಳು ಹಿಡಿದ ಹಾಗೇ ನಿಂತಳು. "ಲಿಂಗ ಹಿಡಿದಿದ್ರಾ ಅವ್ರು?" ಎಂದು ಕೇಳಿದಳು. ಅಡವಿಯಪ್ಪ ತಲೆಯಾಡಿಸಿದ.

"ಫೋನಲ್ಲಿ ಹೇಳೋ ಮಾತಲ್ಲ ಇದು. ಎಲ್ಲಿ ಅಂದ್ರೋ ಅಲ್ಲೇ ನಿಂತು, ಅದೇ ಜನದ ಮುಂದೆ ತಪ್ಪಾಯ್ತು ಅನ್ನಿ."

"ಹೊಸ ಬ್ಯಾಟ್ರಿ ಹಾಕಿಸ್ಕೊಂಡು ಹೋಗ್ತೀನಿ. ಇಳ್ಸಿ ತೋರಿಸ್ತೀನಿ, ಆಮೇಲೆ ಹೇಳ್ತೀನಿ. ಬರೀ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?"

"ಮೊದ್ಲು ಹೇಳಿ. ಆಮೇಲೆ ತೋರ್ಸಿ" ಎಂದಳು ಗಂಗಾಂಬಿಕೆ. ಅಡವಿಯಪ್ಪನಿಗೆ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ಉದಯಕುಮಾರನ ಹೊಲದಲ್ಲಿ ಅದೇ ಜನ ಸೇರಿದರು. ಮಹಾಲಿಂಗಯ್ಯನವರಿಗೆ ಅಡವಿಯಪ್ಪ ತಾನೇ ಫೋನು ಮಾಡಿ, ಹೊಸ ಬ್ಯಾಟರಿ ಹಾಕಿಸಿದ್ದೇನೆ, ಇನ್ನೊಂದು ಸಲ ಅಳೆಯುತ್ತೇನೆ, ಬರಲೇಬೇಕು ಎಂದು ಬೇಡಿಕೊಂಡಿದ್ದ. ಅವರು ಬಂದರು, ಆದರೆ ವ್ಯಾನಿನ ಹತ್ತಿರ ಬರಲಿಲ್ಲ. ಬದುವಿನ ಮೇಲೆ ಸ್ಕೂಟರಿಗೆ ಒರಗಿ ನಿಂತರು. ಮೂರು ವಾರದಲ್ಲಿ ಮುಖ ಇಳಿದುಹೋಗಿತ್ತು. ಅಡವಿಯಪ್ಪನಿಗೆ ಅವರ ಕಡೆ ನೋಡಲು ಆಗಲಿಲ್ಲ. ತಲೆ ಬಗ್ಗಿಸಿಕೊಂಡು ಕ್ಯಾಮೆರಾ ಇಳಿಸಿದ.

ಐನೂರ ನಲವತ್ತು ಬಂತು. ಟೀವಿಯಲ್ಲಿ ಬರೀ ಕತ್ತಲೆಯ ಕೊಳವೆ. ಆರುನೂರು, ಏಳುನೂರು. ಎಂಟುನೂರು ದಾಟಿದ ಮೇಲೆ ನೀರು ಸಿಕ್ಕಿತು, ಕ್ಯಾಮೆರಾ ಅದರೊಳಗೆ ಮುಳುಗಿತು. ಒಂಬೈನೂರ ಎರಡಕ್ಕೆ ಅದೇ ಬಂಡೆ ಕಂಡಿತು.

"ಒಂಬೈನೂರ ಎರಡು" ಎಂದು ಉದಯಕುಮಾರ್ ಗಟ್ಟಿಯಾಗಿ ಓದಿದ. "ಎರಡಡಿ ಜಾಸ್ತೀನೇ ಕೊರ್ದವ್ರೆ ಕಣ್ರೋ."

ಆಮೇಲೆ ಗದ್ದಲವೋ ಗದ್ದಲ. ಒಬ್ಬ, "ನಂಗೆ ಆವತ್ತೇ ಗೊತ್ತಿತ್ತು" ಎಂದ. ಇನ್ನೊಬ್ಬ, "ಕ್ಯಾಮೆರಾದಲ್ಲೇ ಬಂತಲ್ಲ, ಇನ್ನೇನು ಬೇಕು" ಎಂದ. ನಾಲ್ಕು ಜನ ಬದುವಿನ ಕಡೆ ಓಡಿ ಮಹಾಲಿಂಗಯ್ಯನವರ ಕೈ ಹಿಡಿದು ವ್ಯಾನಿನ ಹತ್ತಿರ ಕರೆತಂದರು, ನೋಡಿ ಬನ್ನಿ ನೋಡಿ ಎಂದು. ಅವರು ಮೀಟರಿನ ಕಡೆ ಕಣ್ಣೆತ್ತಲೂ ಇಲ್ಲ.

"ನಂಗೆ ಅದರಲ್ಲಿ ನೋಡೋದು ಏನಿಲ್ಲ. ಕೊರೆದವ್ನು ನಾನು" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅಡವಿಯಪ್ಪ, ಆವತ್ತು ಲಿಂಗ ಹಿಡ್ಕೊಂಡು ಹೇಳ್ದೆ. ನೀನೂ ಕಟ್ಟಿದೀಯ, ಇವ್ರೂ ಕಟ್ಟವ್ರೆ. ಒಬ್ಬ ನಂಬ್ಲಿಲ್ಲ. ಇವತ್ತು ಬ್ಯಾಟ್ರಿ ಹೇಳ್ತು, ಎಲ್ರೂ ನಂಬಿದ್ರಿ. ನಾಳೆ ಅದು ಇನ್ನೊಂದು ಹೇಳಿದ್ರೆ ಅದನ್ನೂ ನಂಬ್ತೀರಿ. ನಿಮ್ಮ ಬೋರಿನ ಆಳ ಸಿಕ್ತು, ಒಳ್ಳೇದಾಯ್ತು. ನಂದೇನು ಸಿಕ್ಕಿದ್ದು?"

ಅವರು ಎದೆಯ ಮೇಲಿನ ಕರಡಿಗೆಯನ್ನು ಅಂಗಿಯೊಳಗೆ ಸರಿಪಡಿಸಿಕೊಂಡು, ಸ್ಕೂಟರು ಸ್ಟಾರ್ಟ್ ಮಾಡಿ, ಕುಣಿಗಲ್ ದಾರಿ ಹಿಡಿದರು.

ಜನ ಅಡವಿಯಪ್ಪನ ಬೆನ್ನು ತಟ್ಟಿ, ಇದ್ದದ್ದನ್ನು ಇದ್ದಂತೆ ತೋರಿಸಿದೆ, ದೊಡ್ಡ ಮನಸ್ಸು ಎನ್ನುತ್ತಿದ್ದರು. ದಾರಿಯುದ್ದಕ್ಕೂ ಅವನು ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮೀಟರು ಒಂಬೈನೂರು ತೋರಿಸಿದ ಮೇಲೆ ಆಡೋಣ ಎಂದು ಇಟ್ಟುಕೊಂಡಿದ್ದ. ಈಗ ಸ್ಕೂಟರಿನ ಸದ್ದು ಕೂಡ ಕೇಳಿಸುತ್ತಿರಲಿಲ್ಲ. ತಪ್ಪಾಯ್ತು ಎಂದು ಅವನು ಇನ್ನೂ ಹೇಳಿರಲಿಲ್ಲ.