ತಂತಿಯಿಲ್ಲದ ಲ್ಯಾಂಡ್‌ಲೈನ್

ನನ್ನ ಗಂಡ ತೀರಿಕೊಂಡ ಮಾರನೆಯ ದಿನವೇ ಅವರ ಮೊಬೈಲು ಎಂದಿನಂತೆ ಬಡಿದುಕೊಳ್ಳತೊಡಗಿತು. ಆಸ್ಪತ್ರೆಯವರು ಅದನ್ನು ಕೈಗಡಿಯಾರ, ಕನ್ನಡಕದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಕವರಿನೊಳಗಿಂದಲೇ ರಿಂಗಾಗುತ್ತಿತ್ತು. ಬಂದಿದ್ದ ನೆಂಟರಲ್ಲಿ ಯಾರೋ ತೆಗೆದು ನನ್ನ ಕೈಗಿಟ್ಟರು. ಯೋಚಿಸದೆ ಕಿವಿಗೆ ಹಿಡಿದೆ.

"ಸಾರ್, ನಮ್ಮ ವಾಲ್ವ್ ಸ್ಪ್ರಿಂಗ್ ರೆಡಿ ಆಯ್ತಾ?"

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡು. ಸ್ಪ್ರಿಂಗ್ ಸುತ್ತುವ ಎರಡು ಮಷಿನ್ನು, ಒಂದು ಫರ್ನೇಸು, ಒಂದು ಕಬ್ಬಿಣದ ಮೇಜು, ಇಷ್ಟೇ ಕಂಪನಿ. ಮಷಿನ್ ನೋಡಿಕೊಳ್ಳುವವರು ತುಮಕೂರು ಕಡೆಯ ಒಬ್ಬ ಆಪರೇಟರು. ನಮ್ಮ ಜೊತೆಯಲ್ಲೇ ತಲೆ ನೆರೆತವರು. ಗಂಡ ಆರ್ಡರು ಹಿಡಿಯುತ್ತಿದ್ದರು, ನಾನು ಬಿಲ್ಲು ಮಾಡಿ ಪ್ಯಾಕಿಂಗ್ ನೋಡುತ್ತಿದ್ದೆ. ನಮಗೆ ಮಕ್ಕಳಿಲ್ಲ. ಮನೆ ಜಾಲಹಳ್ಳಿಯಲ್ಲಿ, ಫ್ಯಾಕ್ಟರಿ ಕ್ವಾರ್ಟರ್ಸಿನ ಕಾಂಪೌಂಡಿಗೆ ಅಂಟಿಕೊಂಡ ಬೀದಿಯಲ್ಲಿ. ಮಧ್ಯಾಹ್ನದ ಹೊತ್ತು ಆ ಬೀದಿಯಲ್ಲಿ ಪಕ್ಕದ ಮನೆಯ ಕುಕ್ಕರು ಕೂಗಿದರೆ ಅದೇ ದೊಡ್ಡ ಸದ್ದು.

ಹದಿಮೂರು ದಿನ ಕಳೆದು ಶೆಡ್ಡಿನ ಬಾಗಿಲು ತೆಗೆದ ಮೇಲೆ ಆ ಫೋನು ನನ್ನನ್ನು ಹಿಂಡಿಹಾಕಿತು. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಎಲ್ಲರ ಬಾಯಲ್ಲೂ ಇದ್ದದ್ದು ಅವರ ನಂಬರೇ. ಕರೆ ಮಾಡಿದವರೆಲ್ಲ ಅವರನ್ನೇ ಕೇಳುತ್ತಿದ್ದರು. ನಾನು ಹೇಳಬೇಕಿತ್ತು. ಹೇಳಿದ ಕೂಡಲೇ "ಅಯ್ಯೋ, ಯಾವಾಗ ಮೇಡಂ? ಏನಾಗಿತ್ತು?" ಎನ್ನುತ್ತಿದ್ದರು. ಬೆಳಿಗ್ಗೆ ಕಾಫಿ ಕುಡಿದದ್ದು, ಎದೆ ಹಿಡಿದುಕೊಂಡು ಕೂತದ್ದು, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಆಟೋ ನಿಂತೇ ಬಿಟ್ಟದ್ದು, ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದೆ. ಅವರು ಎಲ್ಲ ಕೇಳಿಸಿಕೊಂಡು, "ಮೇಡಂ, ಇಂಥಾ ಟೈಮಲ್ಲಿ ಕೇಳಬಾರದು, ಆದ್ರೂ ನಮ್ಮ ಆರ್ಡರು..." ಎಂದು ರಾಗ ಎಳೆಯುತ್ತಿದ್ದರು. ಅವರದ್ದೇನೂ ತಪ್ಪಿಲ್ಲ. ಆದರೆ ದಿನಕ್ಕೆ ಎಷ್ಟೋ ಸಲ ನನ್ನ ಗಂಡ ನನ್ನ ಬಾಯಿಂದಲೇ ಸಾಯುತ್ತಿದ್ದರು. ಕೊನೆಗೆ ಫೋನು ಎತ್ತುವುದನ್ನೇ ಬಿಟ್ಟೆ.

"ಇಂಗೆ ಬಿಟ್ರೆ ಆರ್ಡರೆಲ್ಲ ಬೇರೆ ಕಡೆ ಓಗ್ತವೆ ಮೇಡಂ," ಎಂದರು ಆಪರೇಟರು. "ನಿಮ್ಮ ನಂಬರೇ ಕೊಟ್ಬಿಡಿ ಎಲ್ರಿಗೂ."

ನನ್ನ ನಂಬರು ಕೊಡಲು ನನಗೆ ಮನಸ್ಸಿರಲಿಲ್ಲ. ಮೊದಲೇ ಇಬ್ಬರಿಗೆ ಕೊಟ್ಟು ಅನುಭವಿಸಿದ್ದೆ. ಒಬ್ಬ ಮೆಟೀರಿಯಲ್ ಸಪ್ಲೈಯರು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸಲು ಶುರುಮಾಡಿದ್ದ. ಒಂಟಿ ಹೆಂಗಸಿನ ನಂಬರು ಬೋರ್ಡಿನ ಮೇಲೆ ಬರೆಸುವುದು ಹೇಗೆ? ಲ್ಯಾಂಡ್‌ಲೈನ್ ಹಾಕಿಸೋಣವೆಂದರೆ, ರಸ್ತೆ ಅಗೆದಾಗ ನಮ್ಮ ಸಾಲಿನ ಕೇಬಲ್ಲೆಲ್ಲ ಕತ್ತರಿಸಿ ಹೋಗಿತ್ತು. ಹೊಸದು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ವಿಸಿಟಿಂಗ್ ಕಾರ್ಡ್ ಪ್ರಿಂಟ್ ಮಾಡುವ ಪಕ್ಕದ ಶೆಡ್ಡಿನವರು, ತಂತಿ ಇಲ್ಲದೆಯೂ ಲ್ಯಾಂಡ್‌ಲೈನ್ ನಂಬರು ಸಿಗುತ್ತದೆಂದು ಹೇಳಿ ವೈಟ್‌ಫೀಲ್ಡಿನ ಒಂದು ಕಂಪನಿಯ ನಂಬರು ಕೊಟ್ಟರು. ಫೋನು ಮಾಡಿದೆ. ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಮಾತಾಡಿದಳು.

"ಮೇಡಂ, ನೋಡೋರಿಗೆ ಬೆಂಗಳೂರು ಲ್ಯಾಂಡ್‌ಲೈನ್ ಥರಾನೇ ಇರುತ್ತೆ. ಅವರು ಡಯಲ್ ಮಾಡಿದ್ರೆ ಕಾಲ್ ನಿಮ್ಮ ಮೊಬೈಲಿಗೆ ಫಾರ್ವರ್ಡ್ ಆಗುತ್ತೆ. ನಿಮ್ಮ ಮೊಬೈಲ್ ನಂಬರ್ ಯಾರಿಗೂ ಗೊತ್ತಾಗಲ್ಲ."

"ಮತ್ತೆ ಫೋನು ಎಲ್ಲಿ ಇಡ್ತೀರಮ್ಮ?"

"ಫೋನೇ ಇರಲ್ಲ ಮೇಡಂ. ನಂಬರ್ ಅಷ್ಟೇ." ಆಮೇಲೆ ಕೇಳಿದಳು, "ನಿಮ್ಮ ಆಫೀಸಲ್ಲಿ ಎಷ್ಟು ಡಿಪಾರ್ಟ್‌ಮೆಂಟ್ ಇದೆ?"

ನಾನು ಸುತ್ತ ನೋಡಿದೆ. ಆಪರೇಟರು ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ತಂತಿಯ ಸುರುಳಿಯೊಳಗೆ ಬೆಕ್ಕು ಮಲಗಿತ್ತು. "ಎರಡು," ಎಂದೆ.

"ಹಾಗಾದ್ರೆ ಆರ್ಡರ್ಸ್‌ಗೆ ಒಂದು ಒತ್ತಿ, ಅಕೌಂಟ್ಸ್‌ಗೆ ಎರಡು ಒತ್ತಿ ಅಂತ ಇಡೋಣ. ಒಂದು ಒತ್ತಿದ್ರೆ ಯಾರಿಗೆ ಹೋಗ್ಬೇಕು?"

"ನನಗೆ."

"ಎರಡು ಒತ್ತಿದ್ರೆ?"

"ಅದೂ ನನಗೇ ಕಣಮ್ಮ."

ಹುಡುಗಿ ನಗಲಿಲ್ಲ. "ಓಕೆ ಮೇಡಂ, ಮಾಡ್ಕೊಡ್ತೀನಿ," ಎಂದಳು. ಆ ಒಂದು ಮಾತಿಗೆ ಅವಳ ಮೇಲೆ ನನಗೆ ಪ್ರೀತಿಯೇ ಬಂದುಬಿಟ್ಟಿತು.

ಕರೆ ಮಾಡಿದವರಿಗೆ ಮೊದಲು ಕೇಳಿಸುವ ಸ್ವಾಗತದ ಮಾತನ್ನು ನಾನೇ ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ವಾರದ ದಿನಗಳಲ್ಲಿ ಸುತ್ತಲ ಶೆಡ್ಡುಗಳ ಪ್ರೆಸ್ಸು, ಗ್ರೈಂಡರುಗಳ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ಅದಕ್ಕೆ ಭಾನುವಾರ ಹೋದೆ. ಶಟರು ಅರ್ಧ ಎತ್ತಿ, ಮೇಜಿನ ಮುಂದೆ ಕೂತು, "ನಮಸ್ಕಾರ, ನಮ್ಮ ಸ್ಪ್ರಿಂಗ್ ಕಂಪನಿಗೆ ಸ್ವಾಗತ. ಆರ್ಡರಿಗಾಗಿ ಒಂದನ್ನು ಒತ್ತಿ," ಎಂದು ಮೊಬೈಲಿಗೆ ಹೇಳಿದೆ. ಸ್ವಾಗತ ಎನ್ನುವಲ್ಲಿಗೆ ಬಂದು ಪ್ರತಿ ಸಲವೂ ನಿಲ್ಲಿಸಿಬಿಡುತ್ತಿದ್ದೆ. ಅಳಿಸಿ ಮತ್ತೆ ಹೇಳಿದೆ. ಶಟರಿನ ಕೆಳಗಿನಿಂದ ಬಗ್ಗಿ ಒಂದು ಮುಖ ಇಣುಕಿತು. ಶೆಡ್ಡಿನ ಓನರಮ್ಮ. ಈ ಸಾಲಿನ ಶೆಡ್ಡುಗಳೆಲ್ಲ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ. ಅವರು ಮದುವೆಯಾಗಿ ಬಂದಾಗ ಇಲ್ಲಿ ಕಳೆ ಕಿತ್ತವರು.

"ಯಾರ ಜತೆ ಮಾತಾಡ್ತಾ ಇದ್ದೀಯವ್ವ ಒಬ್ಬಳೇ?"

"ಯಾರ ಜತೆನೂ ಇಲ್ಲ ಅಮ್ಮ. ಫೋನಿಗೆ ಹೇಳಿಡ್ತಾ ಇದ್ದೀನಿ, ಆಮೇಲೆ ಬೇರೆಯವರು ಕೇಳಿಸಿಕೊಳ್ಳೋಕೆ."

ಅವರು ನನ್ನ ಮುಖವನ್ನೇ ನೋಡಿದರು. "ಅಂಗೆಲ್ಲ ಒಬ್ಬಳೇ ಕೂತ್ಕಬ್ಯಾಡ ಕಣವ್ವ. ಮನೇಗೆ ಬಾ, ಉಪ್ಸಾರು ಮಾಡಿವ್ನಿ," ಎಂದರು. ಇನ್ನೊಂದು ದಿನ ಬರುತ್ತೇನೆಂದೆ. ನಿಜವಾಗಿ ಮಾತಾಡುವುದು ಎಂದರೆ ಆಗ ನನಗೆ ಭಯವಾಗುತ್ತಿತ್ತು.

ಹೊಸ ನಂಬರನ್ನು ಎಲ್ಲ ಗಿರಾಕಿಗಳಿಗೂ ಕಳಿಸಿದೆ, ಬೋರ್ಡು ಬದಲಾಯಿಸಿದೆ. ಹುಡುಗಿ ಹೇಳಿದಂತೆಯೇ ಆಯಿತು. ಯಾರೇ ಕರೆ ಮಾಡಿದರೂ ನನ್ನ ಮೊಬೈಲಿನಲ್ಲಿ ಕಾಣುತ್ತಿದ್ದದ್ದು ನಮ್ಮದೇ ಲ್ಯಾಂಡ್‌ಲೈನ್ ನಂಬರು. ಆ ಕಡೆ ಯಾರಿದ್ದಾರೆಂದು ಎತ್ತುವವರೆಗೂ ತಿಳಿಯುತ್ತಿರಲಿಲ್ಲ. ಹಳಬರು ಒಬ್ಬರಿಂದೊಬ್ಬರು ವಿಷಯ ತಿಳಿದಿದ್ದರು, ಮತ್ತೆ ಕೇಳಲಿಲ್ಲ. ಹೊಸಬರು ಇದು ದೊಡ್ಡ ಆಫೀಸೆಂದೇ ತಿಳಿದರು. "ಅಕೌಂಟ್ಸ್‌ಗೆ ಕನೆಕ್ಟ್ ಮಾಡಿ" ಎನ್ನುವರು. ನಾನು "ಒಂದ್ನಿಮಿಷ ಇರಿ" ಎಂದು, ಒಲೆಯ ಮೇಲಿನ ಸಾರು ಇಳಿಸಿ, ಕೈ ಒರೆಸಿಕೊಂಡು, ಸ್ವಲ್ಪ ದಪ್ಪ ದನಿಯಲ್ಲಿ "ಹಲೋ, ಅಕೌಂಟ್ಸ್" ಎನ್ನುತ್ತಿದ್ದೆ. ಒಮ್ಮೆ ಒಬ್ಬರು ಅಕೌಂಟ್ಸಿನವಳ ಮೇಲೆ ನನಗೇ ದೂರು ಹೇಳಿದರು. ಅವಳಿಗೆ ಹೇಳುತ್ತೇನೆ ಸಾರ್ ಎಂದೆ. ಫೋನಿಟ್ಟ ಮೇಲೆ ನಗು ಬಂತು. ಆ ನಗುವನ್ನು ಯಾರಿಗೆ ಹೇಳಲಿ ಎಂದು ಅಡುಗೆಮನೆಯಿಂದ ಹಾಲಿಗೆ ಬಂದೆ. ಹಾಲಿನಲ್ಲಿ ಯಾರಿರುತ್ತಾರೆ?

ಗಂಡನ ಫೋನನ್ನು ನಾನು ದಿನವೂ ಚಾರ್ಜ್ ಮಾಡುತ್ತಿದ್ದೆ. ಅದರ ಕರೆಗಳು ಮೊದಲು ಕಡಿಮೆಯಾದವು. ಆಮೇಲೆ ಸಾಲ ಬೇಕಾ, ಸೈಟು ಬೇಕಾ ಎನ್ನುವವರು ಮಾತ್ರ ಉಳಿದರು. ಆಮೇಲೆ ಅವರೂ ಇಲ್ಲ. ಒಂದು ದಿನ ಬಟ್ಟೆ ಮಡಚುತ್ತಾ ಕೂತಿದ್ದಾಗ, ಅದು ರಿಂಗಾಗಿ ಎಷ್ಟು ದಿನವಾಯಿತೆಂದು ನೆನಪಿಸಿಕೊಳ್ಳಲು ಆಗಲಿಲ್ಲ. ನನಗೆ ಬೇಕಿದ್ದದ್ದು ಅದೇ. ಆದರೂ ಮಡಿಲಿನಲ್ಲಿದ್ದ ಟವೆಲ್ಲು ಮಡಚಲು ಕೈ ಬರಲಿಲ್ಲ. ಅವರನ್ನು ಬಯಸಿ ಕೇಳುವ ಜನ ಲೋಕದಲ್ಲಿ ಮುಗಿದುಹೋಗಿದ್ದರು. ಇನ್ನು ನಾನೊಬ್ಬಳೇ.

ಹಾಗಿರುವಾಗ ಜಿಗಣಿಯಿಂದ ಕರೆ ಬಂತು. ಔಷಧಿ ಸಿಂಪಡಿಸುವ ಪಂಪು ಮಾಡುವ ಒಬ್ಬ ಹಿರಿಯರು. ನಮ್ಮ ಹಳೆಯ ಗಿರಾಕಿ. ನಾನು ಅವರ ಬಿಲ್ಲು ಮಾಡಿದ್ದೆನೇ ಹೊರತು ಮಾತಾಡಿರಲಿಲ್ಲ. ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಹೋಗಿ ಬಹಳ ತಿಂಗಳ ಮೇಲೆ ವಾಪಸು ಬಂದಿದ್ದರು. ಅವರ ಫ್ಯಾಕ್ಟರಿಯಲ್ಲಿ ನಮ್ಮ ಹೊಸ ನಂಬರು ಸಿಕ್ಕಿತ್ತು, ಸುದ್ದಿ ಸಿಕ್ಕಿರಲಿಲ್ಲ.

"ಏನಮ್ಮಾ, ಒಂದು ಒತ್ತಿ ಎರಡು ಒತ್ತಿ ಅಂತ ಭಾರಿ ಜೋರಾಗ್ಬಿಟ್ಟಿದೆ ನಿಮ್ಮ ಕಂಪನಿ! ಸಾಹೇಬ್ರು ಇದ್ದಾರಾ?"

"ಇಲ್ಲ ಸಾರ್, ಅವರು..."

"ಹೊರಗಡೆ ಹೋಗಿದ್ದಾರಾ? ಸರಿ ಬಿಡಮ್ಮ. ಜಿಗಣಿಯಿಂದ ಮಾಡಿದ್ರು, ಕಣ್ಣು ಈಗ ಚೆನ್ನಾಗಿದೆಯಂತೆ ಅಂತ ಹೇಳು." ಇಟ್ಟೇಬಿಟ್ಟರು.

ಮುಂದಿನ ವಾರ ಮತ್ತೆ ಬಂತು. "ಇವತ್ತೂ ಹೊರಗಡೇನಾ? ಮನುಷ್ಯ ಕೈಗೇ ಸಿಗಲ್ಲ!" ಎಂದು ನಕ್ಕರು. ನಾನು ಹೂಂ ಎಂದೆ. ಫೋನು ಹಿಡಿದೇ ನಿಂತಿದ್ದೆ. ಒಂದು ಕ್ಷಣ ನನ್ನ ಗಂಡ ನಿಜವಾಗಿಯೂ ಹೊರಗೆ ಹೋಗಿದ್ದರು. ಸ್ಕೂಟರಿನಲ್ಲಿ ತಂತಿ ತರಲು ಹೋಗಿದ್ದರು, ಊಟದ ಹೊತ್ತಿಗೆ ಬರುವವರಿದ್ದರು. ಆ ವಾರವೆಲ್ಲ ಲ್ಯಾಂಡ್‌ಲೈನ್ ನಂಬರು ಬೆಳಗಿದಾಗಲೆಲ್ಲ ಜಿಗಣಿಯದೇ ಇರಲಿ ಎಂದು ಬಯಸುತ್ತಿದ್ದೆ. ಹಾಗೆ ಬಯಸುವುದು ಒಳ್ಳೆಯದಲ್ಲವೆಂದು ನನಗೇ ಗೊತ್ತಾಯಿತು. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಅವರ ಫ್ಯಾಕ್ಟರಿಯಿಂದ ಬಂದಿದ್ದ ಆರ್ಡರಿನ ಸ್ಯಾಂಪಲ್ ರೆಡಿಯಾಗಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ನಾನೇ ಹೊರಟೆ.

ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ ಬನಶಂಕರಿಯಲ್ಲಿ ಇಳಿದು, ಅಲ್ಲಿಂದ ಬಸ್ಸು. ಊರಿನ ಈ ತುದಿಯಿಂದ ಆ ತುದಿ. ಇಷ್ಟು ದೂರದಲ್ಲಿರುವವರ ಜೊತೆ ನನ್ನ ಗಂಡನಿಗೆ ಅಷ್ಟು ಸಲುಗೆ ಹೇಗೆ ಬಂತೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಫ್ಯಾಕ್ಟರಿಯ ಮುಂದೆ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ನಾನು ಯಾರೆಂದು ಹೇಳಿದೆ. ಎದ್ದು ನಿಂತರು. "ಅರೆ, ನೀವೇ ಬಂದ್ರಾ? ಸಾಹೇಬ್ರು ಎಲ್ಲಿ?" ಎಂದು ನನ್ನ ಹಿಂದೆ ಗೇಟಿನ ಕಡೆ ನೋಡಿದರು. ಆಗ ಹೇಳಿದೆ. ಕಾಫಿ ಕುಡಿದದ್ದರಿಂದ ಹಿಡಿದು, ಎಲ್ಲವನ್ನೂ.

ಅವರು ಕೂತರು. ಕನ್ನಡಕ ತೆಗೆದು ಕಣ್ಣಿಗೆ ಕರ್ಚೀಫು ಒತ್ತಿಕೊಂಡರು. ಯಾರೋ ಇಬ್ಬರಿಗೂ ಟೀ ತಂದಿಟ್ಟರು, ಅದು ಆರಿತು.

"ನಾವಿಬ್ರೂ ಮುಖಾಮುಖಿ ಸಿಕ್ಕಿದ್ದು ಒಂದೋ ಎರಡೋ ಸಲ ಅಮ್ಮ," ಎಂದರು ಆಮೇಲೆ. "ಎಲ್ಲಾ ಫೋನಲ್ಲೇ. ಸ್ಪ್ರಿಂಗ್ ಮಾತು ಎರಡು ನಿಮಿಷ. ಆಮೇಲೆ ಅರ್ಧ ಗಂಟೆ ಏನೇನೋ ಹರಟೆ."

"ಅವರಾ?" ಎಂದೆ. ನನ್ನ ಗಂಡ ಮಾತಿನ ಮನುಷ್ಯರಲ್ಲ. ಸಂಜೆ ಮನೆಗೆ ಬಂದರೆ ಪೇಪರು, ಟಿವಿ, ಊಟ. ಅವರ ಸ್ವಭಾವವೇ ಅಷ್ಟೆಂದು ನಾನೂ ಸುಮ್ಮನಿರುತ್ತಿದ್ದೆ.

"ಹೂಂನಮ್ಮ. ಚಿಕ್ಕಂದಿನಲ್ಲಿ ಈಜು ಕಲಿತಿದ್ದು, ಮೇಷ್ಟ್ರ ಹತ್ರ ಹೊಡೆಸಿಕೊಂಡಿದ್ದು, ಎಲ್ಲಾ ಹೇಳೋರು. ಒಂದ್ಸಲ ಕೇಳ್ದೆ, ಇಷ್ಟೆಲ್ಲಾ ಮಾತು ಇಟ್ಕೊಂಡಿದ್ದೀರಲ್ಲ, ಮನೇಲಿ ಹೇಳಲ್ವಾ ಅಂತ. ಮನೇಲಿ ಅವಳು ಇಡೀ ದಿನ ಕೆಲಸ ಮಾಡಿ ಸುಸ್ತಾಗಿರ್ತಾಳೆ, ಸುಮ್ಮನೆ ಕೂತಿರೋಕೆ ಇಷ್ಟಪಡ್ತಾಳೆ, ಅವಳಿಗೆ ಯಾಕೆ ತೊಂದರೆ ಅಂದ್ರು."

ನಾನು ಸ್ಯಾಂಪಲ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆರಳಿನಲ್ಲಿ ಒತ್ತಿ ನೋಡಿ, ಸರಿಯಾಗಿದೆ ಎಂದರು.

ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತೆ. ಒಂದೇ ಸೋಫಾದ ಎರಡು ತುದಿಯಲ್ಲಿ ಇಬ್ಬರೂ ಇನ್ನೊಬ್ಬರಿಗೆ ತೊಂದರೆ ಬೇಡವೆಂದು ಬಾಯಿ ಮುಚ್ಚಿಕೊಂಡು ಕೂತ ಅಷ್ಟು ವರ್ಷದ ಸಂಜೆಗಳು ನೆನಪಾದವು. ಅವರು ಈಜುತ್ತಿದ್ದರೆಂದೇ ನನಗೆ ಗೊತ್ತಿರಲಿಲ್ಲ. ಯಾವ ಕೆರೆ, ಯಾರು ಕಲಿಸಿದರು ಎಂದು ಜಿಗಣಿಯವರನ್ನು ಕೇಳಬಹುದಿತ್ತು, ಕೇಳದೆ ಬಂದಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಸೀಟು ಬಿಟ್ಟು ಎದ್ದು ಹೋಗುವಾಗ ನನ್ನ ಭುಜ ಮುಟ್ಟಿ, "ಹುಷಾರಾಗಿದ್ದೀರಾ ಅಕ್ಕ?" ಎಂದಳು. ಅಳುತ್ತಿದ್ದೇನೆಂದು ಆಗಲೇ ನನಗೆ ತಿಳಿದದ್ದು.

ಮರುದಿನ ವೈಟ್‌ಫೀಲ್ಡಿನ ಹುಡುಗಿಗೆ ಹೇಳಿ ಒಂದು ಒತ್ತಿ, ಎರಡು ಒತ್ತಿ ಎನ್ನುವುದನ್ನೆಲ್ಲ ತೆಗೆಸಿದೆ. ಈಗ ಕರೆ ಮಾಡಿದರೆ ನೇರ ನನಗೇ ಬರುತ್ತದೆ. ಗಂಡನ ಸಿಮ್ಮಿಗೆ ಆಮೇಲೆ ರೀಚಾರ್ಜ್ ಮಾಡಿಸಲಿಲ್ಲ. ಕೆಲಸ ನಡೆಯುತ್ತಿದೆ. ಮನೆ ಹಾಗೆಯೇ ಇದೆ.

ಜಿಗಣಿಯವರು ತಿಂಗಳಿಗೊಮ್ಮೆ ಮಾಡುತ್ತಾರೆ. ಸ್ಪ್ರಿಂಗಿನ ಮಾತು ಎರಡೇ ನಿಮಿಷಕ್ಕೆ ಮುಗಿದುಹೋಗುತ್ತದೆ. ನನಗೆ ಹರಟೆ ಹೊಡೆಯಲು ಬರುವುದಿಲ್ಲ, ಅವರಿಗೆ ನನ್ನ ಜೊತೆ ಸಂಕೋಚ. ಹೋದ ಸಲ ಆರ್ಡರು ಹೇಳಿ ಮುಗಿಸಿದ ಮೇಲೆ ಅವರು ಫೋನು ಇಡಲಿಲ್ಲ.

"ಮತ್ತೇನಮ್ಮ?"

"ಏನಿಲ್ಲ ಸಾರ್."

ಶೆಡ್ಡಿನ ಶೀಟಿನ ಮೇಲೆ ಹನಿ ಬೀಳತೊಡಗಿತ್ತು. ಆಪರೇಟರು ಹೊರಗಿಟ್ಟಿದ್ದ ತಂತಿ ಸುರುಳಿಗಳನ್ನು ಒಳಗೆ ಉರುಳಿಸುತ್ತಿದ್ದರು.

"ಇಲ್ಲಿ ಮಳೆ ಶುರುವಾಯ್ತು ಸಾರ್," ಎಂದೆ.

"ಹೌದಾ? ಇಲ್ಲಿ ಇನ್ನೂ ಇಲ್ಲಮ್ಮ," ಎಂದರು ಅವರು. "ಮೋಡ ಆಗಿದೆ."