ದೋಟಿಹಾಳದ ನೀಲವ್ವನ ಕಾಲು

೧೯೩೮ರಲ್ಲಿ ನಾನು ಗಂಗಾವತಿಯ ಒಂದು ಸಣ್ಣ ಧರ್ಮಾಸ್ಪತ್ರೆಗೆ ಬಡಗಿಯಾಗಿ ಸೇರಿದೆ. ಮುರಿದ ಮಂಚ ರಿಪೇರಿ ಮಾಡುವುದು, ಮೂಳೆ ಮುರಿದವರಿಗೆ ಕಟ್ಟಲು ದಬ್ಬೆ ಸೀಳಿ ಕೊಡುವುದು, ಕುಂಟುವವರಿಗೆ ಊರುಗೋಲು ಮಾಡುವುದು ನನ್ನ ಕೆಲಸ. ಮುಂದೆ ಕೃತಕ ಕಾಲು ಮಾಡುವುದೇ ನನ್ನ ವೃತ್ತಿಯಾಯಿತು. ಬೇರೆ ಬೇರೆ ಆಸ್ಪತ್ರೆಗಳ ವರ್ಕ್‌ಶಾಪುಗಳಲ್ಲಿ ಅದನ್ನೇ ಮಾಡುತ್ತ ನಿವೃತ್ತನಾದೆ. ಎಷ್ಟೋ ಜನರಿಗೆ ಕಾಲು ಮಾಡಿಕೊಟ್ಟಿದ್ದೇನೆ. ಆದರೆ ಹೇಳಲೇಬೇಕು ಅನ್ನಿಸುವುದು ಮೊದಲನೆಯ ಕಾಲಿನ ಕಥೆ.

ನಾನು ಹುಟ್ಟಿದ್ದು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ, ಬೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು, ಅಂದರೆ ಸರಿ, ಹಚ್ಚಿ ಅರಿವೆ ಅಂಟಿಸಿ, ಮೇಲೆ ಬಣ್ಣ ಕೊಡುವುದು ನಮ್ಮ ಮನೆತನದ ವಿದ್ಯೆ. ಅಪ್ಪ ಗೌರಿಗೆ ಕಣ್ಣು ಬರೆಯುವಾಗ ಓಣಿಯ ಜನ ಬಂದು ಸುಮ್ಮನೆ ನಿಂತು ನೋಡುತ್ತಿದ್ದರು. ನನ್ನ ಕೈಗೆ ಉಳಿ ಒಲಿದಿತ್ತು, ಕುಂಚ ಒಲಿದಿರಲಿಲ್ಲ. ಅಷ್ಟರಲ್ಲಿ ಸಂತೆಗಳಿಗೆ ತಗಡಿನ ಆಟಿಕೆಗಳು ಬರತೊಡಗಿದವು. ಮನೆಯಲ್ಲಿ ಅಪ್ಪನಿಗೂ ಅಣ್ಣನಿಗೂ ಆಗುವಷ್ಟೇ ಕೆಲಸವಿತ್ತು. ಮೂರನೆಯ ಕೈ ನನ್ನದು ಹೆಚ್ಚಾಗಿತ್ತು. ಯಾರೂ ಹಾಗೆಂದು ಅನ್ನಲಿಲ್ಲ, ನನಗೇ ಗೊತ್ತಾಗುತ್ತಿತ್ತು.

ಬೊಂಬೆಯ ಬುಟ್ಟಿ ಹೊತ್ತು ಗಂಗಾವತಿಯ ಸಂತೆಗೆ ಹೋದಾಗ ಒಮ್ಮೆ ಆ ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದೆ. ಒಬ್ಬ ಮುದುಕನ ಊರುಗೋಲಿನ ಅಡ್ಡಪಟ್ಟಿ ಕಳಚಿತ್ತು. ಅದನ್ನು ಕೂಡಿಸಿ ಕೊಟ್ಟೆ. ಅಲ್ಲಿನ ಡಾಕ್ಟರ್ ರಾಘವರಾಯರು ನೋಡಿ, ಒಳಗೆ ಇನ್ನೂ ಇಂಥವು ಬಿದ್ದಿವೆ ಎಂದರು. ಅಂದಿನಿಂದ ಸಂತೆಯ ದಿನ ಅರ್ಧ ಹೊತ್ತು ಬೊಂಬೆ ಮಾರುವುದು, ಅರ್ಧ ಹೊತ್ತು ದವಾಖಾನೆಯಲ್ಲಿ ಕೆಲಸ ಮಾಡುವುದು ಎಂದಾಯಿತು. ಕೆಲಸ ಬದಲಿಸುವುದೆಂದರೆ ಒಂದೇ ಜಿಗಿತಕ್ಕೆ ಹಳ್ಳ ದಾಟುವುದಲ್ಲ, ನೀರಿನ ಆಳ ನೋಡುತ್ತ ಕಾಲಿಡಬೇಕು ಅನ್ನಿಸಿತ್ತು. ಹೀಗೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಿತು. ರಕ್ತ ನೋಡಿದರೆ ತಲೆ ತಿರುಗುವುದಿಲ್ಲ, ನೋವಿನಲ್ಲಿರುವವರು ಬೈದರೆ ಸಿಟ್ಟು ಬರುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಅಪ್ಪನ ಮುಂದೆ ಬಾಯಿಬಿಟ್ಟೆ.

ಅಪ್ಪ ಕೈಯಲ್ಲಿದ್ದ ಕುಂಚ ಕೆಳಗಿಡದೆ ಕೇಳಿದ: "ದೇವರನ್ನ ಮಾಡೂ ಮನಿಯಾಗ ಹುಟ್ಟಿ ದವಾಖಾನ್ಯಾಗ ಕೋಲು ಕೆತ್ತತೀಯೇನು?"

"ಅಲ್ಲಿ ನನ್ನ ಕೈ ಬೇಕಾಗೈತಿ ಅಪ್ಪಾ."

"ಇಲ್ಲಿ ಬ್ಯಾಡಾಗೈತೇನು?"

ಅಪ್ಪ ಹೋಗಬೇಡ ಎನ್ನಲಿಲ್ಲ, ಹೋಗು ಎಂದೂ ಹರಸಲಿಲ್ಲ. ಹೊರಡುವ ದಿನ ಅವ್ವ ರೊಟ್ಟಿ ಕಟ್ಟಿಕೊಟ್ಟಳು. ಅಪ್ಪ ಬೆನ್ನು ತಿರುಗಿಸಿಯೇ ಕೂತಿದ್ದ.

ನಾನು ಸೇರಿದ ಮರುವರ್ಷ ನೀಲವ್ವ ಬಂದಳು. ಕುಷ್ಟಗಿ ಕಡೆಯ ದೋಟಿಹಾಳದವಳು, ಮೂವತ್ತರ ಆಸುಪಾಸಿನ ನೇಕಾರ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿ ಸೀರೆ ನೇಯುತ್ತಿದ್ದಳು. ಅಂಗಾಲಿಗೆ ಚುಚ್ಚಿದ ಮುಳ್ಳು ಕೀವಾಗಿ, ವಿಷ ಮೇಲೇರಿ, ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ಮೊದಲೇ ಕತ್ತರಿಸಿ ತೆಗೆದಿದ್ದರು. ಗಾಯ ಪೂರ್ತಿ ಮಾಗಿತ್ತು. ಅಣ್ಣ ಬಂಡಿಯಲ್ಲಿ ಕೂಡಿಸಿಕೊಂಡು ಕರೆತಂದಿದ್ದ. ನಾನು ಒಂದು ಒಳ್ಳೆಯ ಊರುಗೋಲು ತಂದು ಅವಳ ಮುಂದೆ ಹಿಡಿದೆ. ಅವಳು ಅದನ್ನು ಮುಟ್ಟಲಿಲ್ಲ.

"ಅಣ್ಣಾರ, ನಂಗ ನಡಿಯಾಕ ಕಾಲು ಬ್ಯಾಡ್ರಿ. ಮನಿಯಾಗ ತೆವಳಿಕೊಂತಾದ್ರೂ ಅಡ್ಡಾಡತೀನಿ. ತುಳಿಯಾಕ ಕಾಲು ಬೇಕ್ರಿ."

ಕುಣಿಮಗ್ಗ ನೋಡದವರಿಗೆ ಇದು ತಿಳಿಯಲಿಕ್ಕಿಲ್ಲ. ನೇಯುವವರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಕುಣಿಯೊಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿದಾಗ ಎಳೆಗಳು ಬಾಯ್ದೆರೆಯುತ್ತವೆ, ಆ ಸಂದಿಯಲ್ಲಿ ಅಡ್ಡ ನೂಲು ಹೊತ್ತ ಲಾಳಿ ಓಡುತ್ತದೆ. ನೀಲವ್ವ ಒಂಟಿಗಾಲಲ್ಲೇ ಎರಡೂ ಹಲಗೆ ತುಳಿದು ನೋಡಿದ್ದಳಂತೆ. ಸೊಂಟ ಹಿಡಿದುಕೊಂಡು ಎರಡು ದಿನ ಮೇಲೇಳಲಾಗಿರಲಿಲ್ಲ.

ಅಣ್ಣ ಹೊರಗೆ ಎತ್ತು ನೋಡಲು ಹೋದಾಗ ದನಿ ತಗ್ಗಿಸಿ ಹೇಳಿದಳು: "ಅಣ್ಣ ಛಲೋ ಅದಾನ್ರಿ, ಉಣ್ಣಾಕ ಹಾಕತಾನ. ಆದ್ರ ಮಗ್ಗದಾಗ ಕುಂತಾಗ ಆ ಮನಿ ನಂದೂ ಅನ್ನಸತಿತ್ತು. ಈಗ ಅನ್ನಸೂದಿಲ್ರಿ."

ಮುಂಬಯಿಯಿಂದ ಕೃತಕ ಕಾಲು ತರಿಸುವುದು ಅವರ ಶಕ್ತಿಗೆ ಮೀರಿದ್ದು. ಡಾಕ್ಟರರು ತಮ್ಮ ಇಂಗ್ಲಿಷ್ ಪುಸ್ತಕದಲ್ಲಿದ್ದ ಒಂದು ಚಿತ್ರ ತೋರಿಸಿ ವಿವರಿಸಿದರು. ಕತ್ತರಿಸಿ ಉಳಿದ ಭಾಗಕ್ಕೆ ಸ್ಟಂಪ್ ಎನ್ನುತ್ತಾರೆ. ಅದು ಕೂರುವ ಬಟ್ಟಲಿನಂಥ ಭಾಗ ಸಾಕೆಟ್. ಭಾರವೆಲ್ಲ ಸ್ಟಂಪಿನ ತುದಿಗೆ ಬೀಳಬಾರದು, ಮೊಣಕಾಲ ಚಿಪ್ಪಿನ ಕೆಳಗೆ ಬೀಳಬೇಕು. "ಮಾಡ್ತೀಯೇನು ಪರಸಪ್ಪ?" ಎಂದರು. ಮಾಡುತ್ತೇನೆ ಎಂದೆ.

ಮೊದಲು ಸಾಗವಾನಿಯಲ್ಲಿ ಮಾಡಿದೆ. ಗಟ್ಟಿಯಾಗಿತ್ತು. ನೀಲವ್ವ ಗೋಡೆ ಹಿಡಿದು ಅಂಗಳ ದಾಟಿದಳು, ಎಲ್ಲರಿಗೂ ಸಂತೋಷವಾಯಿತು. ಆದರೆ ಹಲಗೆ ತುಳಿದು ಮತ್ತೆ ಮತ್ತೆ ಎತ್ತಲು ಅದು ಭಾರ. ಸ್ಟಂಪು ಬಾತು ಕೆಂಪಗಾಯಿತು. ಬಾವು ಇಳಿದ ಮೇಲೆ ನಮ್ಮ ಬೊಂಬೆಯ ಮರದಲ್ಲೇ ಇನ್ನೊಂದು ಕೆತ್ತಿದೆ. ಹೂವಿನಷ್ಟು ಹಗುರ. ಅವಳು ಬಾಗಿಲಿನ ಹೊಸ್ತಿಲ ಮೇಲೆ ಕಾಲೂರಿದ ಕೂಡಲೇ ಸಾಕೆಟ್ಟು ಮೇಲಿಂದ ಕೆಳಗೆ ಸೀಳಿತು. ನಾನು ಓಡಿ ಹಿಡಿದುಕೊಂಡೆ. ಅವಳು ಅಳಲಿಲ್ಲ. ಮುರಿದ ಚೂರನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿ, "ಇದನ್ನ ಕೂಡಸಾಕ ಬರತೈತೇನ್ರಿ ಅಣ್ಣಾರ?" ಎಂದು ಕೇಳಿದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನವೇ ಆ ಸೀಳಿದ ಕಾಲನ್ನು ಚೀಲದಲ್ಲಿ ಹಾಕಿಕೊಂಡು ಕಿನ್ನಾಳಕ್ಕೆ ಹೋದೆ. ಅಪ್ಪನ ಮುಂದೆ ಅದನ್ನು ಇಟ್ಟೆ. ಅಪ್ಪ ಎತ್ತಿಕೊಂಡ, ಬೆಳಕಿಗೆ ಹಿಡಿದ, ಒಳಗೆ ಬೆರಳಾಡಿಸಿದ.

"ಯಾರ ಕಾಲು ಇದು?"

ನೀಲವ್ವನ ಸಂಗತಿಯೆಲ್ಲ ಹೇಳಿದೆ. ತುಳಿಯಲು ಕಾಲು ಬೇಕು ಎಂದಳು ಎಂಬಲ್ಲಿಗೆ ಬಂದಾಗ ಅಪ್ಪ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ.

"ಹೆಣ್ಣುಮಗಳ ಕಾಲಿಗೆ ಇಷ್ಟು ದಪ್ಪ ಮೀನಖಂಡ ಯಾಕ ಮಾಡೀದಿ?" ಎಂದು ಮೊದಲು ಅದಕ್ಕೇ ಬೈದ. ಆಮೇಲೆ ಮೆಲ್ಲಗೆ, "ಬರೇ ಮರ ಬಿಟ್ರ ಸೀಳದ ಏನ ಮಾಡೀತು? ಅರಿವಿ ಸುತ್ತಬೇಕು" ಎಂದ.

ಬೊಂಬೆಗೆ ಅರಿವೆ ಅಂಟಿಸುವುದು ನನಗೆ ಹುಟ್ಟಿನಿಂದ ಗೊತ್ತಿತ್ತು. ದವಾಖಾನೆಯ ಬಡಗಿಯಾದ ಮೇಲೆ ಅದು ನೆನಪಿಗೇ ಬಂದಿರಲಿಲ್ಲ. ಹುಣಸೆ ಬೀಜದ ಸರಿ ಕುದಿಸಲು ಅವ್ವ ಒಲೆ ಹೊತ್ತಿಸುತ್ತಿದ್ದಳು. ಅಪ್ಪ ಬೇಡವೆಂದು ಕೈ ಮಾಡಿದ. "ಅಳತಿ ನೋಡದ ಹ್ಯಾಂಗ ಮಾಡೂದು? ನಡಿ, ನಾನೂ ಬರತೀನಿ."

ಗಂಗಾವತಿಯ ಆ ಕಟ್ಟೆಯ ಮೇಲೆ ನೀಲವ್ವನ ಎದುರಿಗೆ ಅಪ್ಪ ಕೂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಪರಗಂಡಸಿನ ಮುಂದೆ ಸ್ಟಂಪು ತೋರಿಸಲು ಅವಳು ಹಿಂಜರಿದು ಸೀರೆ ಎಳೆದುಕೊಂಡಳು.

"ಮುಟ್ಟಲೇನವ್ವಾ ಮಗಳ?" ಎಂದ ಅಪ್ಪ.

ಅವಳು ತಲೆಯಾಡಿಸಿದಳು. ಅಪ್ಪ ಮೂರ್ತಿಯ ಮುಖ ಸವರುವ ಹಾಗೆಯೇ ಸ್ಟಂಪನ್ನು ಸವರುತ್ತ, ಎಲ್ಲಿ ನೋಯುತ್ತದೆ ಎಂದು ಕೇಳಿ ಕೇಳಿ, ನೋಯುವ ಕಡೆಯೆಲ್ಲ ಕೆಮ್ಮಣ್ಣಿನ ಚುಕ್ಕಿ ಇಟ್ಟ. ಡಾಕ್ಟರರು ಪಕ್ಕದಲ್ಲಿ ಕೂತು ಭಾರ ಬೀಳಬೇಕಾದ ಜಾಗ ತೋರಿಸಿಕೊಟ್ಟರು, ಆಮೇಲೆ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದರು. ಆ ಅಚ್ಚಿನ ಮೇಲೆ ನಾವಿಬ್ಬರೂ ಸರಿಯಲ್ಲಿ ನೆನೆಸಿದ ಅರಿವೆಯನ್ನು ಪದರದ ಮೇಲೆ ಪದರ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಸುತ್ತಿದೆವು. ಒಣಗಿದಾಗ ಸಾಕೆಟ್ಟು ಬಡಿದರೆ ಸಪ್ಪಳ ಕೊಡುವಷ್ಟು ಬಿಗಿಯಾಯಿತು. ಕೆಳಗಿನ ಹಗುರ ಮರಕ್ಕೂ ಅದೇ ಅರಿವೆ. ನೀರು ಹಿಡಿಯದಂತೆ ಅಪ್ಪ ಮೇಲೆ ಎಣ್ಣೆಬಣ್ಣ ಕೊಟ್ಟ. ತೊಡೆಗೆ ಕಟ್ಟುವ ತೊಗಲಿನ ಪಟ್ಟಿ ನನ್ನದು. ಪಾದ ಹೇಗಿರಬೇಕೆಂದು ನೀಲವ್ವನೇ ಹೇಳಿದಳು: ಮುಂಭಾಗ ತೆಳ್ಳಗಿರಲಿ, ಹಲಗೆಯಿಂದ ಜಾರದಂತೆ ಕೆಳಗೆ ತೊಗಲು ಇರಲಿ.

ಅದನ್ನು ಕಟ್ಟಿಕೊಂಡು ಅವಳು ಕೆಲವು ದಿನ ದವಾಖಾನೆಯಲ್ಲೇ ನಡೆದು ಅಭ್ಯಾಸ ಮಾಡಿದಳು. ಆಮೇಲೆ ಅಪ್ಪನೂ ನಾನೂ ಅವಳೊಂದಿಗೆ ಅವಳ ಅಣ್ಣನ ಬಂಡಿಯಲ್ಲೇ ದೋಟಿಹಾಳಕ್ಕೆ ಹೋದೆವು. ಮಗ್ಗ ನೋಡದೆ ಕಾಲು ಒಪ್ಪಿಸಲು ಮನಸ್ಸು ಬರಲಿಲ್ಲ. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೆಯೇ ಇತ್ತು. ಅಣ್ಣ ಅದನ್ನು ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ನೀಲವ್ವ ನೆಲಕ್ಕೆ ಕೈಯೂರಿ ಕುಣಿಯೊಳಗೆ ಇಳಿದಳು. ಎಡಗಾಲು ತುಳಿದಳು. ಆಮೇಲೆ ಬಲಗಾಲು. ಹಲಗೆ ಕೆಳಗಿಳಿಯಿತು, ಎಳೆಗಳು ಬಾಯ್ದೆರೆದವು. ಅವಳ ಕೈ ಮಾತ್ರ ಲಾಳಿ ಹಿಡಿದುಕೊಂಡು ಹಾಗೇ ನಿಂತಿತು. ಅಣ್ಣ, "ಲಾಳಿ ಒಗಿಯವ್ವಾ" ಎಂದ. ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿತು.

ನಾವು ಮೂವರೂ ಬಾಗಿಲಲ್ಲಿ ನಿಂತು ಮೈಮರೆತು ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ನೀಲವ್ವ ತಲೆಯೆತ್ತದೆಯೇ ಹೇಳಿದಳು: "ಹೊರಗ ಕುಂದರ್ರಿ ಎಲ್ಲಾರೂ. ಬೆಳಕಿಗೆ ಅಡ್ಡಾಗೇರಿ."

ಹೊರಗೆ ಕಟ್ಟೆಯ ಮೇಲೆ ಅಪ್ಪ ಬಹಳ ಹೊತ್ತು ಒಳಗಿನ ಸಪ್ಪಳ ಕೇಳುತ್ತ ಕೂತಿದ್ದ. ಆಮೇಲೆ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು, "ನಾ ಮಾಡಿದ್ದೆಲ್ಲಾ ಕುಂದ್ರಿಸಿದಲ್ಲೇ ಕುಂತಾವ ನೋಡು. ನೀ ಮಾಡಿದ್ದು ದುಡಿಯಾಕತ್ತೈತಿ" ಎಂದ. ನನ್ನ ಹೊಸ ಕೆಲಸದ ಬಗ್ಗೆ ಅಪ್ಪ ಆಡಿದ ಮೊದಲ ಒಳ್ಳೆಯ ಮಾತು ಅದು. ಅರ್ಧ ಕೆಲಸ ನಿನ್ನದೇ ಅಪ್ಪಾ ಎನ್ನಬೇಕೆಂದುಕೊಂಡೆ. ಅನ್ನುವ ಬದಲು ಅವನ ಪಕ್ಕಕ್ಕೆ ಸರಿದು ಕೂತೆ.

ಉದ್ಯೋಗ ಬದಲಿಸುವಾಗ ಹಳೆಯದನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ನಾನು ತಿಳಿದಿದ್ದೆ. ಅಪ್ಪನೂ ಹಾಗೆಯೇ ತಿಳಿದು ನೊಂದಿದ್ದನೇನೋ. ನಾನೇ ಬೇರೆ ಕಡೆ ಹೋಗಿದ್ದೆ, ಕೈ ಕಿನ್ನಾಳದ್ದೇ ಆಗಿತ್ತು. ನೀಲವ್ವನಿಂದ ಕಲಿತದ್ದು ಇನ್ನೊಂದು. ಅಂದಿನಿಂದ ನಿವೃತ್ತನಾಗುವವರೆಗೂ ನಾನು ಯಾರ ಕಾಲಿಗೂ ಒಮ್ಮೆಗೇ ಅಳತೆಯ ಟೇಪು ಹಿಡಿಯಲಿಲ್ಲ. "ಈ ಕಾಲು ಬಂದ ಮ್ಯಾಲೆ ಮೊದಲು ಏನ ಮಾಡಬೇಕಂತೀರಿ?" ಎಂದು ಕೇಳುತ್ತಿದ್ದೆ. ಒಬ್ಬ, ಗದ್ದೆಯ ಬದುವಿನ ಮೇಲೆ ನಡೆಯಬೇಕೆಂದ. ಒಬ್ಬಳು, ಕುಕ್ಕರುಗಾಲಲ್ಲಿ ಕೂತು ಎಮ್ಮೆ ಹಿಂಡಬೇಕೆಂದಳು. ಹುಲಿಹೈದರ ಎಂಬ ಊರಿನ ಒಬ್ಬ ಅಜ್ಜ, "ಮಗಳು ಮನಿಗೆ ಬಂದಾಗ ಎದ್ದು ನಿಂತು ಬಾ ಅನ್ನಬೇಕ್ರಿ, ಅಷ್ಟ" ಎಂದ. ಅವನಿಗೆ ನಡೆಯುವುದಕ್ಕಿಂತ ಏಳುವುದು ಸುಲಭವಾಗುವಂಥ ಕಾಲು ಮಾಡಿಕೊಟ್ಟೆ.