ಕನ್ನಡ ಬಾರದ ಪ್ರೋಗ್ರಾಮಿಗೆ ಶಾಂತಕ್ಕನ ಪಾಠ

ಸ್ನೇಹಿತರೇ, ಇವತ್ತು ಹಾನಗಲ್ಲಿನಲ್ಲಿ ನಮ್ಮ ಶಿಕ್ಷಕರ ಕಂಪ್ಯೂಟರ್ ತರಬೇತಿಯ ಕೊನೆಯ ದಿನ. ಬರೆದ ಸಾಲಿನಲ್ಲಿ ಸ್ವರ ಎಷ್ಟು, ವ್ಯಂಜನ ಎಷ್ಟು ಎಂದು ಎಣಿಸುವ ಪ್ರೋಗ್ರಾಮನ್ನು ಸಂಜೆಯೊಳಗೆ ಓಡಿಸಿ ತೋರಿಸಿದವರಿಗಷ್ಟೇ ಪ್ರಮಾಣಪತ್ರ. ನಾವೆಲ್ಲ ಇಂಗ್ಲಿಷ್ ಸಾಲು ಕೊಟ್ಟು ಮುಗಿಸಿದೆವು. ಒಂದನೇ ತರಗತಿಗೆ ಕಲಿಸುವ ಶಾಂತಕ್ಕ ಮಾತ್ರ ‘ಅವ್ವ ಆಕಳಿಗೆ ಮೇವು ಹಾಕಿದಳು’ ಎಂದು ಟೈಪ್ ಮಾಡಿದರು. ಉತ್ತರ ಎರಡೂ ಸೊನ್ನೆ.

‘ಅದಕ್ಕ ಕನ್ನಡ ಬರೂದಿಲ್ರಿ ಅಕ್ಕೋರ. ಇಂಗ್ಲಿಷ್ ಹಾಕಿ ಮುಗಸ್ರಿ, ಸುಮ್ನ ಸರ್ಟಿಫಿಕೇಟ್ ಹೋದೀತು’ ಎಂದರು ತರಬೇತಿ ಕೊಡುವ ಸರ್.

‘ಬರದಿದ್ರ ಕಲಸೂಣು. ನನ್ನ ಕ್ಲಾಸಿಗೆ ಬರೂ ಹುಡುಗ್ರಿಗೆ ಮೊದಲ ಏನ್ ಬರ್ತೈತ್ರಿ?’

ಶಾಂತಕ್ಕ ಊಟ ಬಿಟ್ಟು ಕುಳಿತರು. ಇಂಗ್ಲಿಷ್ ಅಕ್ಷರಗಳಿದ್ದ ಜಾಗದಲ್ಲಿ ‘ಅ’ದಿಂದ ‘ಳ’ವರೆಗೆ ಬಾಯಲ್ಲಿ ಹೇಳಿಕೊಳ್ಳುತ್ತ ಒಂದೊಂದಾಗಿ ಸೇರಿಸಿದರು. ಕಾಗುಣಿತದ ಗುರುತುಗಳಿಗೆ ಬೇರೆ ಲೆಕ್ಕ ಇಟ್ಟರು. ಇನ್ನೇನು ಬಾಗಿಲು ಹಾಕಬೇಕು ಎನ್ನುವಾಗ ಪರದೆಯ ಮೇಲೆ ಎಣಿಕೆ ಬಂತು. ಸರ್ ಬೆರಳು ಮಡಚಿ ತಾವೂ ಎಣಿಸಿದರು, ಸರಿಯಾಗಿತ್ತು. ಪ್ರಮಾಣಪತ್ರ ಕೊಟ್ಟು, ಆ ಪ್ರೋಗ್ರಾಮನ್ನು ತಮ್ಮ ಪೆನ್‌ಡ್ರೈವಿಗೂ ಹಾಕಿಕೊಂಡರು.

‘ಒಯ್ರಿ, ಒಯ್ರಿ. ಕನ್ನಡ ಅಂಕಿ ಅದಕ್ಕ ಇನ್ನೂ ಗೊತ್ತಿಲ್ಲ. ಅಷ್ಟು ನೀವು ಮನ್ಯಾಗ ಕಲಿಸಿಕೊಂಡ್ ಬರ್ರಿ’ ಎಂದರು ಶಾಂತಕ್ಕ.

ತರಬೇತಿ ಕೊಡಲು ಬಂದವರು ಹೋಂವರ್ಕ್ ಹೊತ್ತುಕೊಂಡು ಹೋಗಿದ್ದನ್ನು ನಾನು ಇವತ್ತೇ ನೋಡಿದ್ದು.